ಗಾಡಿ ಸ್ಟಾರ್ಟ್ ಆಗ್ತಿಲ್ವಾ? ಮೊದಲು ಕಿಕ್ ಹೊಡೆಯೋದು ನಿಲ್ಲಿಸಿ

ಜಗಳೂರು ಕಡೆ ನಮ್ಮ ಚಿಕ್ಕಪ್ಪನ ಊರು. ಶಿವರಾತ್ರಿ ಹೊತ್ತಿಗೆ ಅವರ ಮಗ ಫೋನ್ ಮಾಡಿದ. "ಅಣ್ಣ, ಹೀರೋ ಇಂಪಲ್ಸ್ ಬೈಕ್ ಸ್ಟಾರ್ಟೇ ಆಗ್ತಿಲ್ಲ. ಗ್ಯಾರೇಜಿನವರು ರಿಂಗ್ ಹೋಗಿರಬೇಕು, ಇಂಜಿನ್ ಬಿಚ್ಚಬೇಕು ಅಂತಾರೆ. ಏನ್ ಮಾಡ್ಲಿ?" ಮೆಕ್ಕೆಜೋಳದ ಕಟಾವು ಶುರುವಾದಾಗ ನಿಲ್ಲಿಸಿದ ಗಾಡಿ ಅದು. ರೇಟು ಏರಲಿ ಅಂತ ಚಿಕ್ಕಪ್ಪ ಜೋಳದ ಚೀಲಗಳನ್ನು ಪಡಸಾಲೆಯಲ್ಲೇ ಇಟ್ಟುಕೊಂಡಿದ್ದರು, ಗಾಡಿಯೂ ಆ ಚೀಲಗಳ ಪಕ್ಕದಲ್ಲೇ ನಾಲ್ಕು ತಿಂಗಳು ನಿಂತಿತ್ತು. ನಿಲ್ಲಿಸುವಾಗ ಚೆನ್ನಾಗೇ ಓಡುತ್ತಿತ್ತು. ನಿಂತಲ್ಲೇ ನಿಂತ ಗಾಡಿಯಲ್ಲಿ ಪಿಸ್ಟನ್ ಸುತ್ತಲಿನ ರಿಂಗ್ ಸವೆಯುವುದು ಹೇಗೆ? ನಾನು ಹೇಳಿದ್ದು ಇಷ್ಟೇ: "ಏನೂ ಬಿಚ್ಚಿಸಬೇಡ. ಕಿಕ್ಕೂ ಹೊಡೀಬೇಡ. ಭಾನುವಾರ ಬರ್ತೀನಿ."

ಆ ಭಾನುವಾರ ಏನೇನು ನೋಡಿದೆವೋ ಅದೇ ಕ್ರಮದಲ್ಲಿ ಇಲ್ಲಿ ಬರೆಯುತ್ತೇನೆ. ಇಂಪಲ್ಸ್ ಇರಲಿ, ಎಕ್ಸ್‌ಪಲ್ಸ್ ಇರಲಿ, ಹಳೆ ಆರ್‌ಎಕ್ಸ್ 100ಕ್ಕೆ ಮಣ್ಣು ಹಿಡಿಯುವ ಉಬ್ಬು ಗುಬುಟಿನ ಟೈರ್ ಹಾಕಿ ಹೊಲದಲ್ಲಿ ಓಡಿಸುತ್ತಿರಲಿ, ಲೆಕ್ಕ ಒಂದೇ. ಇಂಜಿನ್ ಶುರುವಾಗಲು ಮೂರು ಬೇಕು: ಗಾಳಿ ಬೆರೆತ ಪೆಟ್ರೋಲು, ಸರಿಯಾದ ಹೊತ್ತಿಗೆ ಕಿಡಿ, ಅದೆಲ್ಲವನ್ನೂ ಒಳಗೆ ಒತ್ತಿ ಹಿಡಿಯುವ ಕಂಪ್ರೆಷನ್. ಮೂರರಲ್ಲಿ ಯಾವುದು ಇಲ್ಲ ಅಂತ ಮೊದಲು ಗೊತ್ತಾಗಬೇಕು, ಆಮೇಲೆ ಕೈ ಹಾಕಬೇಕು. ಹೊರಗಿನಿಂದ ಒಳಗೆ ಹೋಗಿ, ಕಾಸು ಖರ್ಚಿಲ್ಲದ್ದನ್ನು ಮೊದಲು ನೋಡಿ. ಒಂದು ಸಲಕ್ಕೆ ಒಂದೇ ಬದಲಾಯಿಸಿ, ಸ್ಟಾರ್ಟ್ ಮಾಡಿ ನೋಡಿ, ಆಮೇಲೆ ಮುಂದಿನದು. ಕಿಡಿ ಕೊಡುವ ಪ್ಲಗ್ಗೂ ಬದಲಿಸಿ, ಗಾಳಿ-ಪೆಟ್ರೋಲು ಬೆರೆಸುವ ಕಾರ್ಬೊರೇಟರೂ ಬಿಚ್ಚಿ, ವಾಲ್ವಿನ ಸಂದು ಹೊಂದಿಸುವ ಟ್ಯಾಪೆಟ್ಟೂ ತಿರುಗಿಸಿ ಕೂತರೆ ಮೊದಲು ಏನು ಕೆಟ್ಟಿತ್ತು, ಈಗ ನೀವೇ ಏನು ಕೆಡಿಸಿದ್ದೀರಿ ಅಂತ ದೇವರಿಗೂ ಗೊತ್ತಾಗುವುದಿಲ್ಲ.

ಹತ್ತು ಕಿಕ್ಕಿಗೆ ಆಗದ ಗಾಡಿ ನೂರು ಕಿಕ್ಕಿಗೂ ಆಗುವುದಿಲ್ಲ. ಪ್ರತಿ ಕಿಕ್ಕಿಗೂ ಒಳಗೆ ಪೆಟ್ರೋಲು ಸೇರುತ್ತಾ ಹೋಗುತ್ತದೆ, ಪ್ಲಗ್ ನೆನೆಯುತ್ತದೆ. ಸೆಲ್ಫ್ ಒತ್ತಿದರೆ ಬ್ಯಾಟರಿ ಇಳಿಯುತ್ತದೆ. ಒಂದು ತೊಂದರೆ ಇದ್ದದ್ದು ಮೂರಾಗುತ್ತದೆ.

ಪಾನಾ ಮುಟ್ಟುವ ಮುಂಚೆ

ಪೆಟ್ರೋಲ್ ಇದೆಯಾ? ಮೀಟರ್ ನಂಬಬೇಡಿ. ಮುಚ್ಚಳ ತೆಗೆದು ಗಾಡಿ ಅಲ್ಲಾಡಿಸಿ, ಕಣ್ಣಲ್ಲೇ ನೋಡಿ. ಕಾರ್ಬೊರೇಟರ್ ಗಾಡಿ ಆದರೆ ಟ್ಯಾಂಕಿನ ಕೆಳಗಿನ ಪೆಟ್ರೋಲ್ ಕಾಕ್ ಆನ್ ಆಗಿದೆಯಾ, ರಿಸರ್ವ್‌ಗೆ ತಿರುಗಿಸಬೇಕಾ ನೋಡಿ. ನ್ಯೂಟ್ರಲ್ ದೀಪ ಉರಿಯುತ್ತಿದೆಯಾ? ಸೈಡ್ ಸ್ಟ್ಯಾಂಡ್ ಇಳಿದಿದ್ದರೆ ಕೆಲವು ಗಾಡಿಗಳಲ್ಲಿ ಇಂಜಿನ್ ಹಿಡಿಯುವುದೇ ಇಲ್ಲ, ಕೆಲವಕ್ಕೆ ಕ್ಲಚ್ ಒತ್ತಿದರೆ ಮಾತ್ರ ಸೆಲ್ಫ್ ತಿರುಗುತ್ತದೆ. ಸ್ಟ್ಯಾಂಡಿನ ಸ್ವಿಚ್ ನೆಲಕ್ಕೆ ಹತ್ತಿರ ಇರುವುದರಿಂದ ನಮ್ಮ ಕಡೆ ಎರೆ ಮಣ್ಣು ಅದಕ್ಕೆ ಮೆತ್ತಿಕೊಂಡು ಒಣಗಿ ಕಲ್ಲಾಗಿರುತ್ತದೆ. ನೀರು ಹಾಕಿ ತೊಳೆದು, ಸ್ಟ್ಯಾಂಡನ್ನು ನಾಲ್ಕು ಸಲ ಮೇಲೆ ಕೆಳಗೆ ಆಡಿಸಿ.

ಬಲಗೈ ಹಿಡಿಕೆಯ ಹತ್ತಿರ ಇರುವ, ಇಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ಚನ್ನಂತೂ ಮರೆಯಲೇಬೇಡಿ. ಭರಮಸಾಗರದ ಹತ್ತಿರ ಒಂದು ಹೊಲದ ದಾರಿಯಲ್ಲಿ ಗೆಳೆಯನೊಬ್ಬ ಎಕ್ಸ್‌ಪಲ್ಸ್ ಬೀಳಿಸಿದ. ಅವನಿಗೆ ಏನೂ ಆಗಲಿಲ್ಲ, ಗಾಡಿಗೂ ಏನೂ ಆಗಲಿಲ್ಲ, ಆದರೆ ಸ್ಟಾರ್ಟ್ ಆಗಲಿಲ್ಲ. ಬಿದ್ದಾಗ ಬದುವಿನ ಮಣ್ಣು ತಾಗಿ ಸ್ವಿಚ್ ಆಫ್ ಆಗಿತ್ತು. ಅದನ್ನು ಆನ್ ಮಾಡಿದ ಮೇಲೂ ಆಗಲಿಲ್ಲ. ಎಫ್‌ಐ (ಕಾರ್ಬೊರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ) ಗಾಡಿಗಳಲ್ಲಿ ಸಾಮಾನ್ಯವಾಗಿ ವಾಲಿದ್ದನ್ನು ಗುರುತಿಸುವ ಒಂದು ಸೆನ್ಸರ್ ಇರುತ್ತದೆ, ಗಾಡಿ ಮಲಗಿದ ತಕ್ಷಣ ಅದು ಇಂಜಿನ್ನನ್ನು ನಿಲ್ಲಿಸಿಬಿಡುತ್ತದೆ. ಗಾಡಿ ಎತ್ತಿ ನಿಲ್ಲಿಸಿದರೆ ಸಾಲದು, ಕೀ ಒಮ್ಮೆ ಪೂರ್ತಿ ಆಫ್ ಮಾಡಿ ಮತ್ತೆ ಆನ್ ಮಾಡಬೇಕು. ಹಾಗೆ ಮಾಡಿದ ಮೇಲೆ ಒಂದೇ ಸಲಕ್ಕೆ ಹಿಡಿಯಿತು. ಅಷ್ಟು ಹೊತ್ತಿಗೆ ಅರ್ಧ ಗಂಟೆ ಬಿಸಿಲಲ್ಲಿ ತಳ್ಳಿದ್ದೆವು.

ಸೆಲ್ಫ್ ಒತ್ತಿದಾಗ ಬರುವ ಸದ್ದನ್ನು ಕೇಳಿ. ಬರೀ ಕಟ ಕಟ ಅಂದರೆ ಬ್ಯಾಟರಿ ಇಳಿದಿದೆ ಅಥವಾ ಟರ್ಮಿನಲ್ ಸಡಿಲ ಆಗಿದೆ. ಏನೂ ಸದ್ದಿಲ್ಲ, ದೀಪವೂ ಇಲ್ಲ ಅಂದರೆ ಫ್ಯೂಸ್ ನೋಡಿ. ಚೆನ್ನಾಗಿ ಚಾರ್ಜ್ ಆದ ಬ್ಯಾಟರಿ ಸುಮ್ನೆ ಇರುವಾಗ 12.6 ವೋಲ್ಟ್ ಆಸುಪಾಸು ತೋರಿಸಬೇಕು, 12ಕ್ಕಿಂತ ಕೆಳಗೆ ಇದ್ದರೆ ಚಾರ್ಜಿಗೆ ಹಾಕಿ. ಎಫ್‌ಐ ಗಾಡಿಯ ಪೆಟ್ರೋಲ್ ಪಂಪ್ ನಡೆಯುವುದೇ ಬ್ಯಾಟರಿಯಿಂದ. ಹಾಗಾಗಿ ಬ್ಯಾಟರಿ ಪೂರ್ತಿ ಸತ್ತಿದ್ದರೆ ತಳ್ಳಿ ಸ್ಟಾರ್ಟ್ ಮಾಡುವುದೂ ಕಷ್ಟ.

ಕರೆಂಟ್ ಬರ್ತಿದೆಯಾ ನೋಡಿ

ಮೇಲಿನದೆಲ್ಲ ಸರಿ ಇದ್ದರೆ ಪ್ಲಗ್ ಬಿಚ್ಚಿ. ಬಿಚ್ಚುವ ಮುಂಚೆ ಅದರ ಸುತ್ತ ಇರುವ ಮಣ್ಣನ್ನು ಊದಿ, ಒರೆಸಿ. ಒಂದು ಹರಳು ಒಳಗೆ ಬಿದ್ದರೂ ಬೋರ್, ಅಂದರೆ ಸಿಲಿಂಡರಿನ ಒಳಗೋಡೆ, ಗೀರುತ್ತದೆ. ಬಿಚ್ಚಿದ ಪ್ಲಗ್ ಇಂಜಿನ್ನಿನ ನಾಲಿಗೆ ಇದ್ದ ಹಾಗೆ. ಡಾಕ್ಟರು ನಾಲಿಗೆ ನೋಡುವಂತೆ ನೀವೂ ಅದರ ತುದಿಯನ್ನು ನೋಡಿ. ತಿಳಿ ಕಂದು ಬಣ್ಣ ಇದ್ದರೆ ಆರೋಗ್ಯ ಸರಿ ಇದೆ. ಮಸಿ ಹಿಡಿದು ಒಣಗಿದ್ದರೆ ಪೆಟ್ರೋಲು ಜಾಸ್ತಿ ಅಥವಾ ಗಾಳಿ ಕಮ್ಮಿ. ಪೆಟ್ರೋಲಿನಿಂದ ಒದ್ದೆಯಾಗಿದ್ದರೆ ಪೆಟ್ರೋಲ್ ಬರುತ್ತಿದೆ ಆದರೆ ಉರಿಯುತ್ತಿಲ್ಲ. ಎಣ್ಣೆಯಿಂದ ಜಿಡ್ಡಾಗಿದ್ದರೆ ಆಯಿಲ್ ಮೇಲೆ ಬರುತ್ತಿದೆ. ಹತ್ತು ಸಲ ಕಿಕ್ ಹೊಡೆದ ಮೇಲೂ ಪೂರ್ತಿ ಒಣಗಿದ್ದರೆ ಪೆಟ್ರೋಲೇ ಒಳಗೆ ಬರುತ್ತಿಲ್ಲ. ಈ ಒಂದು ನೋಟದಲ್ಲೇ ಅರ್ಧ ಕೆಲಸ ಮುಗಿಯುತ್ತದೆ.

ಒದ್ದೆ ಇದ್ದರೆ ಇಂಜಿನ್ ಪೆಟ್ರೋಲ್ ಕುಡಿದು ಕೂತಿದೆ ಅಂತ ಅರ್ಥ. ಕಾಕ್ ಬಂದ್ ಮಾಡಿ, ಕೀ ಆಫ್ ಮಾಡಿ, ಪ್ಲಗ್ ತೂತಿನ ಮೇಲೆ ಬಟ್ಟೆ ಹಿಡಿದು, ಆಕ್ಸಿಲೇಟರ್ ಪೂರ್ತಿ ತಿರುಗಿಸಿ ಏಳೆಂಟು ಕಿಕ್ ಹೊಡೆಯಿರಿ. ಒಳಗಿನ ಪೆಟ್ರೋಲ್ ಹೊರಗೆ ಬರುತ್ತದೆ. ಪ್ಲಗ್ ಕ್ಯಾಪನ್ನು ಗಾಳಿಯಲ್ಲಿ ಸುಮ್ನೆ ನೇತಾಡಿಸಿ ಕೀ ಆನ್ ಇಟ್ಟು ಕಿಕ್ ಹೊಡೆಯಬೇಡಿ, ಕಿಡಿಗೆ ಹೋಗಲು ದಾರಿ ಇಲ್ಲದಿದ್ದರೆ ಕಿಡಿ ಹುಟ್ಟಿಸುವ ಕಾಯಿಲ್, ಅದರ ಹೊತ್ತು ನೋಡುವ ಸಿಡಿಐ ಡಬ್ಬಿ ಸುಟ್ಟು ಹೋಗಬಹುದು. ಏಪ್ರಿಲ್ ಬಿಸಿಲಲ್ಲಿ ಬಿಸಿ ಇಂಜಿನ್ನಿಗೆ ಚೋಕ್ ಎಳೆದರೆ ಹೀಗೇ ಆಗುವುದು. ತಣ್ಣಗಿರುವಾಗ ಪೆಟ್ರೋಲ್ ಸರಿಯಾಗಿ ಆವಿ ಆಗುವುದಿಲ್ಲ ಅಂತ ಇರುವುದು ಚೋಕ್. ಡಿಸೆಂಬರ್ ಬೆಳಿಗ್ಗೆ ಅದು ಬೇಕು, ನಮ್ಮ ಚಿತ್ರದುರ್ಗದ ಮಧ್ಯಾಹ್ನಕ್ಕೆ ಬೇಡ.

ಈಗ ಕಿಡಿ. ಪ್ಲಗ್ಗನ್ನು ಬನಿಯನ್ ಬಟ್ಟೆಯಲ್ಲಿ ಒರೆಸಿ ಒಣಗಿಸಿ, ಕ್ಯಾಪ್ ಸಿಕ್ಕಿಸಿ, ಪ್ಲಗ್ಗಿನ ಸ್ಕ್ರೂ ಸುತ್ತು ಇರುವ ಭಾಗ ಇಂಜಿನ್ನಿನ ಬರಿ ಲೋಹಕ್ಕೆ ಗಟ್ಟಿಯಾಗಿ ತಾಗುವಂತೆ ಇಡಿ. ಪೇಂಟ್ ಮೇಲೆ ಇಟ್ಟರೆ ಅರ್ಥ್ ಸಿಗುವುದಿಲ್ಲ, ಕಿಡಿ ಇದ್ದರೂ ಇಲ್ಲ ಅನಿಸುತ್ತದೆ. ಪ್ಲಗ್ ತೂತಿನಿಂದ ದೂರ ಇಡಿ, ತೂತನ್ನು ಬಟ್ಟೆಯಿಂದ ಮುಚ್ಚಿ. ಒಳಗಿನಿಂದ ಪೆಟ್ರೋಲ್ ಆವಿ ಚಿಮ್ಮುತ್ತದೆ, ಕಿಡಿ ಪಕ್ಕದಲ್ಲೇ ಇದ್ದರೆ ಬೆಂಕಿ ಹತ್ತುತ್ತದೆ. ಪ್ಲಗ್ಗನ್ನು ಬರಿಗೈಯಲ್ಲಿ ಹಿಡಿಯಬೇಡಿ, ಜೋರಾಗಿ ಹೊಡೆಯುತ್ತದೆ. ನಮ್ಮ ಬಿಸಿಲಿಗೆ ಕಿಡಿ ಕಣ್ಣಿಗೆ ಕಾಣುವುದೇ ಇಲ್ಲ. ಬಹಳ ಜನ ಇಲ್ಲೇ ಮೋಸ ಹೋಗಿ ಹೊಸ ಕಾಯಿಲ್ ತರುತ್ತಾರೆ. ಗಾಡಿಯನ್ನು ಮನೆಯೊಳಗೆ ಅಥವಾ ಬೇವಿನ ಮರದ ನೆರಳಿಗೆ ತಳ್ಳಿ, ಒಬ್ಬರು ಕಿಕ್ ಹೊಡೆಯಲಿ, ಇನ್ನೊಬ್ಬರು ತಲೆ ಮೇಲೆ ಟವೆಲ್ ಹೊದ್ದು, ಒಂದು ಮೊಳ ದೂರದಿಂದಲೇ ನೋಡಲಿ. ಟಿಕ್ ಟಿಕ್ ಅಂತ ಸದ್ದು ಮಾಡುವ ನೀಲಿ ಕಿಡಿ ಬಂದರೆ ಸರಿ. ಕೆಂಪಾಗಿ, ಬಡವಾಗಿ ಬಂದರೆ ಅದು ಹೊರಗೆ ಕಂಡರೂ ಒಳಗಿನ ಒತ್ತಡದಲ್ಲಿ ಹಾರುವುದಿಲ್ಲ.

ತಮ್ಮನ ಇಂಪಲ್ಸಿನಲ್ಲಿ ಕಿಡಿಯೇ ಇರಲಿಲ್ಲ. ಟವೆಲ್ ಒಳಗೆ ಪೂರ್ತಿ ಕತ್ತಲು.

ಕಿಡಿ ಇಲ್ಲ ಅಂದರೆ ಮೊದಲು ಹೊಸ ಪ್ಲಗ್ ಹಾಕಿ ನೋಡಿ. ಮನೆಯಲ್ಲಿ ಯಾವಾಗಲೂ ಒಂದು ಹೆಚ್ಚಿನ ಪ್ಲಗ್ ಇರಲೇಬೇಕು. ತುದಿಯ ಸಂದು ಸಾಮಾನ್ಯವಾಗಿ 0.6ರಿಂದ 0.8 ಮಿಲಿಮೀಟರ್ ಇರುತ್ತದೆ, ನಿಮ್ಮ ಗಾಡಿಯ ಪುಸ್ತಕದಲ್ಲಿ ಇರುವುದೇ ಕೊನೆ ಮಾತು. ಹೊಸ ಪ್ಲಗ್ಗಿಗೂ ಕಿಡಿ ಬರದಿದ್ದರೆ ಕ್ಯಾಪ್ ಬಿಚ್ಚಿ ನೋಡಿ. ಅದು ವೈರಿಗೆ ಸ್ಕ್ರೂನಂತೆ ತಿರುಗಿ ಕೂತಿರುತ್ತದೆ, ಎಳೆದೆಳೆದು ಸಡಿಲ ಆಗಿರಬಹುದು. ವೈರಿನ ತುದಿಯನ್ನು ಅರ್ಧ ಸೆಂಟಿಮೀಟರ್ ಕತ್ತರಿಸಿ ಮತ್ತೆ ತಿರುಗಿಸಿ ಹಾಕಿದರೆ ಎಷ್ಟೋ ಸಲ ಅಷ್ಟರಲ್ಲೇ ಮುಗಿಯುತ್ತದೆ. ಆಮೇಲೆ ಕಾಯಿಲ್ಲಿಗೆ ಬರುವ ಸಣ್ಣ ವೈರು, ಕನೆಕ್ಟರುಗಳು, ಕೀ ಸ್ವಿಚ್ಚು. ಸಿಡಿಐ, ಮ್ಯಾಗ್ನೆಟ್ ಕಾಯಿಲ್‌ಗಳನ್ನು ಕೊನೆಗೆ ಅನುಮಾನಿಸಿ. ಅವು ದುಬಾರಿ, ಅಂಗಡಿಯವರು ವಾಪಸ್ಸೂ ತೆಗೆದುಕೊಳ್ಳುವುದಿಲ್ಲ.

ನಾವು ಟ್ಯಾಂಕ್ ಎತ್ತಿದೆವು. ಕೆಳಗೆ ಜೋಳದ ಕಾಳಿನ ಸಿಪ್ಪೆ, ಗೋಣಿ ನಾರು, ಇಲಿ ಹಿಕ್ಕೆ. ಕಾಯಿಲ್ಲಿಗೆ ಹೋಗುವ ವೈರಿನ ಮೇಲಿನ ಪ್ಲಾಸ್ಟಿಕ್ಕನ್ನು ಇಲಿ ಎರಡು ಇಂಚು ಕೆರೆದು ತಿಂದಿತ್ತು. ಒಳಗಿನ ತಾಮ್ರದ ಎಳೆಗಳಲ್ಲಿ ಒಂದೇ ಒಂದು ಉಳಿದು ಅದೂ ಹಸಿರು ಬಣ್ಣಕ್ಕೆ ತಿರುಗಿತ್ತು. ಮುಟ್ಟಿದರೆ ಮುರಿಯಿತು. ಜೋಳದ ಚೀಲದ ಪಕ್ಕ ಗಾಡಿ ನಿಲ್ಲಿಸಿದರೆ ಇಲಿಗೆ ಊಟವೂ ಮನೆಯೂ ಒಟ್ಟಿಗೇ ಸಿಕ್ಕಂತೆ, ಅಲ್ವಾ? ಅಷ್ಟುದ್ದ ಕತ್ತರಿಸಿ, ಹೊಸ ತುಂಡು ಸೇರಿಸಿ, ಬೆಸುಗೆ ಹಾಕಿ, ಮೇಲೆ ರಬ್ಬರ್ ತೋಳು ಏರಿಸಿದೆವು. ಬೆಸುಗೆ ಇಲ್ಲದಿದ್ದರೆ ಚೆನ್ನಾಗಿ ಹೆಣೆದು ಟೇಪ್ ಸುತ್ತಿ, ಆದರೆ ಹೊಲದ ಕುಲುಕಾಟಕ್ಕೆ ಅದು ಜಾಸ್ತಿ ದಿನ ಬರುವುದಿಲ್ಲ. ಮತ್ತೆ ಟವೆಲ್ ಹೊದ್ದು ನೋಡಿದರೆ ನೀಲಿ ಕಿಡಿ! ತಮ್ಮ ಕುಣಿದೇಬಿಟ್ಟ. ಪ್ಲಗ್ ಹಾಕಿ ಕಿಕ್ ಹೊಡೆದರೆ, ಇಲ್ಲ. ಚೋಕ್ ಎಳೆದರೆ ಎರಡು ಸೆಕೆಂಡ್ ಬಡಬಡ ಅಂದು ನಿಂತಿತು.

ಒಂದು ಗಾಡಿಯಲ್ಲಿ ಎರಡು ತೊಂದರೆ ಒಟ್ಟಿಗೆ ಇರಬಹುದು. ನಿಂತ ಗಾಡಿಗಳಲ್ಲಿ ಇದು ಬಹಳ ಸಾಮಾನ್ಯ. ಮೊದಲನೆಯದನ್ನು ಸರಿ ಮಾಡಿದ ಮೇಲೂ ಸ್ಟಾರ್ಟ್ ಆಗಲಿಲ್ಲ ಅಂತ ಬೇಜಾರು ಮಾಡಿಕೊಂಡು ಇಂಜಿನ್ ಬಿಚ್ಚಲು ಹೋಗಬೇಡಿ. ಎರಡು ಸೆಕೆಂಡ್ ಓಡಿತು ಅಂದರೆ ಕಿಡಿ ಇದೆ, ಕಂಪ್ರೆಷನ್ ಇದೆ. ಉಳಿದದ್ದು ಪೆಟ್ರೋಲ್ ದಾರಿ.

ಪೆಟ್ರೋಲ್ ದಾರಿ

ಕಾಕಿನಿಂದ ಕಾರ್ಬೊರೇಟರಿಗೆ ಹೋಗುವ ಪೈಪನ್ನು ಕಳಚಿ ಒಂದು ಬಾಟಲಿಗೆ ಬಿಡಿ. ಇಂಜಿನ್ ತಣ್ಣಗಿರಬೇಕು, ಪಕ್ಕದಲ್ಲಿ ಬೀಡಿ ಸೇದುವವರು ಇರಬಾರದು. ಧಾರೆಯಾಗಿ ಬಂದರೆ ಸರಿ. ತೊಟ್ಟಿಕ್ಕಿದರೆ ಟ್ಯಾಂಕಿನ ಮುಚ್ಚಳ ತೆಗೆದು ನೋಡಿ. ಮುಚ್ಚಳ ತೆಗೆದ ತಕ್ಷಣ ಧಾರೆ ಜೋರಾದರೆ ಮುಚ್ಚಳದ ಗಾಳಿ ತೂತು ಕಟ್ಟಿದೆ. ಪೆಟ್ರೋಲ್ ಕೆಳಗೆ ಇಳಿಯಬೇಕಾದರೆ ಮೇಲಿಂದ ಅಷ್ಟೇ ಗಾಳಿ ಒಳಗೆ ಹೋಗಬೇಕು. ಓಡುತ್ತಾ ಓಡುತ್ತಾ ಹತ್ತು ನಿಮಿಷಕ್ಕೆ ನಿಂತು, ಸ್ವಲ್ಪ ಹೊತ್ತಿನ ಮೇಲೆ ತಾನೇ ಸರಿಯಾಗುವ ಗಾಡಿಗಳಲ್ಲಿ ಮೊದಲು ನೋಡಬೇಕಾದ್ದು ಇದು. ಟ್ಯಾಂಕಿನಿಂದ ಹೊರಗೆ ಬರುವ ಸಣ್ಣ ಉಸಿರಾಟದ ಪೈಪಿನ ಬಾಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿರುವುದನ್ನೂ ನಾನು ಎರಡು ಸಲ ನೋಡಿದ್ದೇನೆ.

ಆಮೇಲೆ ಕಾರ್ಬೊರೇಟರಿನ ಕೆಳಗಿನ ಬಟ್ಟಲಿನ ಡ್ರೈನ್ ಸ್ಕ್ರೂ ಸಡಿಲಿಸಿ, ಒಳಗಿರುವುದನ್ನು ಒಂದು ತೆಳ್ಳನೆ ಗಾಜಿನ ಬಾಟಲಿಗೆ ಹಿಡಿಯಿರಿ. ಐದು ನಿಮಿಷ ಅಲ್ಲಾಡಿಸದೆ ಇಟ್ಟು ಬೆಳಕಿಗೆ ಹಿಡಿದು ನೋಡಿ. ತಮ್ಮನ ಗಾಡಿಯದು ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು, ಹಳೆ ವಾರ್ನಿಶ್ ವಾಸನೆ. ತಳದಲ್ಲಿ ಬೆರಳಿನಷ್ಟು ದಪ್ಪ ಬೇರೆ ಒಂದು ಪದರ, ಮೇಲಿನ ಪೆಟ್ರೋಲಿನ ಜೊತೆ ಸೇರದೆ ಕುಳಿತಿತ್ತು. ಅದು ನೀರು ಎಳೆದುಕೊಂಡ ಎಥನಾಲ್. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಕೊಟ್ಟ ಮೇಲೆ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲ್ ಹಂತ ಹಂತವಾಗಿ ಬಂಕುಗಳಿಗೆ ಬಂತು. ಕಬ್ಬಿನಿಂದ ತೆಗೆಯುತ್ತಾರೆ, ನಮ್ಮ ಹೊಲದ ಮೆಕ್ಕೆಜೋಳದಿಂದಲೂ ತೆಗೆಯುತ್ತಾರೆ. ದಿನಾ ಓಡುವ ಗಾಡಿಗೆ ಅಷ್ಟು ತೊಂದರೆ ಇಲ್ಲ. ಆದರೆ ಎಥನಾಲ್ ಗಾಳಿಯಲ್ಲಿನ ತೇವ ಹೀರುತ್ತದೆ. ತಿಂಗಳುಗಟ್ಟಲೆ ನಿಂತರೆ, ಅದರಲ್ಲೂ ಟ್ಯಾಂಕ್ ಅರ್ಧ ಖಾಲಿ ಇದ್ದರೆ, ನೀರು ಸೇರಿ ಸೇರಿ ಒಂದು ದಿನ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತದೆ. ಇಂಜಿನ್ ಕುಡಿಯುವುದೂ ತಳದಿಂದಲೇ. 2011ರಲ್ಲಿ ಬಂದ ಇಂಪಲ್ಸಿನಂಥ ಹಳೆ ಗಾಡಿಗಳ ರಬ್ಬರ್ ಪೈಪು, ಓ-ರಿಂಗುಗಳನ್ನು ಇಷ್ಟು ಎಥನಾಲ್ ಇರುತ್ತದೆ ಅಂತ ಲೆಕ್ಕ ಹಾಕಿ ಮಾಡಿರಲಿಲ್ಲ, ಅವನ್ನೂ ಒತ್ತಿ ನೋಡಿ. ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ ಬದಲಿಸಿ.

ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಹೊಸ ಪೆಟ್ರೋಲ್ ಹಾಕಿದೆವು. ಆದರೂ ಚೋಕ್ ಇದ್ದರೆ ಮಾತ್ರ ಉಸಿರಾಡುತ್ತಿತ್ತು, ಚೋಕ್ ಒತ್ತಿದ ತಕ್ಷಣ ಸಾಯುತ್ತಿತ್ತು. ಇದು ಹೆಚ್ಚಾಗಿ ಪೈಲಟ್ ಜೆಟ್ (ಇಂಜಿನ್ ನಿಧಾನಕ್ಕೆ ಓಡುವಾಗ ಪೆಟ್ರೋಲ್ ಬಿಡುವ ಸಣ್ಣ ತೂತಿನ ಹಿತ್ತಾಳೆ ಸ್ಕ್ರೂ) ಕಟ್ಟಿದ್ದರ ಗುರುತು; ಕಾರ್ಬೊರೇಟರಿಗೂ ಇಂಜಿನ್ನಿಗೂ ನಡುವಿನ ರಬ್ಬರಿನಲ್ಲಿ ಗಾಳಿ ಸೋರಿದರೂ ಹೀಗೆ ಆಗಬಹುದು. ಕಾರ್ಬೊರೇಟರ್ ಬಿಚ್ಚಲು ಹೆದರಬೇಡಿ, ಆದರೆ ಪ್ರತಿ ಹೆಜ್ಜೆಗೂ ಫೋನಿನಲ್ಲಿ ಫೋಟೋ ತೆಗೆಯಿರಿ, ಕೆಳಗೆ ಬಿಳಿ ಬಟ್ಟೆ ಹಾಸಿ. ಗಾಳಿ ಸ್ಕ್ರೂ ತೆಗೆಯುವ ಮುಂಚೆ ಅದನ್ನು ಹಗುರವಾಗಿ ಪೂರ್ತಿ ಒಳಗೆ ತಿರುಗಿಸಿ, ಎಷ್ಟು ಸುತ್ತು ಆಯಿತು ಅಂತ ಬರೆದುಕೊಳ್ಳಿ. ಮತ್ತೆ ಹಾಕುವಾಗ ಅಷ್ಟೇ ಸುತ್ತು ಹೊರಗೆ. ಜೆಟ್ ಹಿತ್ತಾಳೆಯದು, ಮೆತ್ತಗಿರುತ್ತದೆ. ಸರಿಯಾದ ಅಳತೆಯ ಸ್ಕ್ರೂಡ್ರೈವರ್ ಇಲ್ಲದಿದ್ದರೆ ತಲೆ ಸವೆದುಹೋಗುತ್ತದೆ.

ಬಿಚ್ಚಿದ ಜೆಟ್ಟನ್ನು ಆಕಾಶದ ಕಡೆಗೆ ಹಿಡಿದು ಒಂದು ಕಣ್ಣಲ್ಲಿ ನೋಡಿ. ಒಳಗೆ ಸೂಜಿ ಮೊನೆಯಷ್ಟು ಒಂದು ದುಂಡು ಬೆಳಕು ಕಾಣಬೇಕು. ನಾವು ನೋಡಿದಾಗ ಏನೂ ಕಾಣಲಿಲ್ಲ. ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ ಹೊಡೆದು ಹತ್ತು ನಿಮಿಷ ಬಿಟ್ಟು, ಹಳೆ ವೈರಿನಿಂದ ತೆಗೆದ ಒಂದೇ ಒಂದು ತಾಮ್ರದ ಎಳೆಯನ್ನು ಮೆಲ್ಲಗೆ ತೂರಿಸಿದೆವು. ಹಸಿರು ಮಿಶ್ರಿತ ಕಂದು ಅಂಟು, ಸಾಸಿವೆ ಕಾಳಿಗಿಂತ ಚಿಕ್ಕದು, ಹೊರಗೆ ಬಂತು. ಮತ್ತೆ ಆಕಾಶಕ್ಕೆ ಹಿಡಿದರೆ ದುಂಡಗೆ ಬೆಳಕು. ಸ್ಟೀಲ್ ತಂತಿ, ಸೂಜಿ, ಪಿನ್ನು ಹಾಕಬೇಡಿ, ತೂತು ಒಂದು ಕೂದಲೆಳೆಯಷ್ಟು ದೊಡ್ಡದಾದರೂ ಆಕ್ಸಿಲೇಟರ್ ಬಿಟ್ಟಾಗ ಇಂಜಿನ್ ಸರಿಯಾಗಿ ಓಡುವುದಿಲ್ಲ. ಸ್ಪ್ರೇ ಹೊಡೆಯುವ ಮುಂಚೆ ರಬ್ಬರ್ ಭಾಗಗಳನ್ನು ತೆಗೆದಿಡಿ, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಜೋಡಿಸಿ ಮೂರನೇ ಕಿಕ್ಕಿಗೆ ಇಂಪಲ್ಸ್ ಹಿಡಿಯಿತು. ಒಂದು ವೈರಿನ ತುಂಡು, ಒಂದು ಸ್ಪ್ರೇ ಡಬ್ಬಿ, ಎರಡು ಲೀಟರ್ ಪೆಟ್ರೋಲು. ರಿಂಗು, ಪಿಸ್ಟನ್ನು ಹಾಗೇ ಇದ್ದವು.

ಕಾರ್ಬೊರೇಟರಿನ ಪಕ್ಕದ ಪೈಪಿನಿಂದ ಪೆಟ್ರೋಲ್ ಸುರಿಯುತ್ತಿದ್ದರೆ ಅದು ಬೇರೆ ಕತೆ. ಒಳಗಿನ ಫ್ಲೋಟ್ (ಪೆಟ್ರೋಲ್ ಮಟ್ಟ ಕಾಯುವ ತೇಲು) ಸಿಕ್ಕಿಹಾಕಿಕೊಂಡಿದೆ ಅಥವಾ ಅದರ ಸೂಜಿಯ ಕೆಳಗೆ ಕಸ ಕೂತಿದೆ. ಸ್ಕ್ರೂಡ್ರೈವರಿನ ಹಿಡಿಯಿಂದ ಬಟ್ಟಲಿಗೆ ಮೆಲ್ಲಗೆ ನಾಲ್ಕು ಏಟು ಕೊಟ್ಟು ನೋಡಿ, ದಾರಿಯಲ್ಲಿ ಮನೆ ಸೇರಲು ಅಷ್ಟು ಸಾಕಾಗುತ್ತದೆ.

ಎಫ್‌ಐ ಗಾಡಿ ಇದ್ದವರು ಕೀ ಆನ್ ಮಾಡಿ ಕಿವಿ ಕೊಡಿ. ಟ್ಯಾಂಕಿನ ಒಳಗಿಂದ ಎರಡು ಮೂರು ಸೆಕೆಂಡ್ ಗುಂಯ್ ಅನ್ನುವ ಸದ್ದು ಬರಬೇಕು, ಅದು ಪಂಪ್. ಬರದಿದ್ದರೆ ಫ್ಯೂಸು, ಬ್ಯಾಟರಿ, ಪಂಪಿನ ಕನೆಕ್ಟರ್ ನೋಡಿ. ಇಂಜಿನ್ ಚಿತ್ರದ ಹಳದಿ ದೀಪ ಕೀ ಹಾಕಿದಾಗ ಉರಿದು ಆಮೇಲೆ ಆರಬೇಕು. ಮಿಟುಕುತ್ತಿದ್ದರೆ ಎಷ್ಟು ಸಲ ಅಂತ ಎಣಿಸಿ ಬರೆದುಕೊಳ್ಳಿ, ಸರ್ವೀಸಿನವರಿಗೆ ಆ ಲೆಕ್ಕ ಬೇಕಾಗುತ್ತದೆ. ಇಂಜೆಕ್ಟರ್, ಪಂಪ್‌ಗಳನ್ನು ಮನೆಯಲ್ಲಿ ಬಿಚ್ಚಬೇಡಿ, ಪೈಪಿನಲ್ಲಿ ಪೆಟ್ರೋಲ್ ಒತ್ತಡದಲ್ಲಿ ಇರುತ್ತದೆ.

ಗಾಳಿ, ಧೂಳು, ನೀರು

ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 15 ಗ್ರಾಂ ಗಾಳಿ ಬೇಕು. ದುರ್ಗದ ಗಾಳಿ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ, ಗುಡ್ಡದ ಮೇಲೆ ಸಾಲಾಗಿ ಫ್ಯಾನು ನಿಲ್ಲಿಸಿ ಕರೆಂಟ್ ತೆಗೆಯುವಷ್ಟು ಗಾಳಿ. ಆಷಾಢದಲ್ಲಿ ಅದರ ಜೊತೆ ಕೆಂಪು ಧೂಳು ಸೇರಿ, ಎರಡು ಸಲ ಹೊಲ ಸುತ್ತಿ ಬಂದರೆ ಫಿಲ್ಟರ್ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಜೋಳ ಬಿಡಿಸುವ ಮಿಷನ್ ಹತ್ತಿರ ಓಡಾಡಿದ ಗಾಡಿಯದಂತೂ ಹೊಟ್ಟು ತುಂಬಿ ಮುಚ್ಚಿಹೋಗಿರುತ್ತದೆ. ಸ್ಪಂಜಿನ ಫಿಲ್ಟರ್ ಆದರೆ ಸೀಮೆಎಣ್ಣೆಯಲ್ಲಿ ಅದ್ದಿ ಹಿಂಡಿ (ಹಿಂಡಬೇಕು, ತಿರುಚಬಾರದು), ಸೋಪಿನ ನೀರಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಫಿಲ್ಟರ್ ಆಯಿಲ್ ಸವರಿ. ಕಾಗದದ ಫಿಲ್ಟರಿಗೆ ಒಳಗಿನಿಂದ ಹೊರಗೆ ಮೆಲ್ಲಗೆ ಗಾಳಿ ಹಾಕಿ, ಎಣ್ಣೆ ಸವರಿದ ಕಾಗದದ್ದಾದರೆ ಬದಲಿಸುವುದೇ ಸರಿ. ಫಿಲ್ಟರ್ ತೆಗೆದು ಸ್ಟಾರ್ಟ್ ಆಯಿತು ಅಂತ ಹಾಗೇ ಓಡಿಸಬೇಡಿ. ನಮ್ಮ ಧೂಳಿನಲ್ಲಿ ಮರಳು ಜಾಸ್ತಿ, ರಿಂಗ್ ನಿಜವಾಗಿಯೂ ಹೋಗುವುದು ಹಾಗೆ.

ಗಾಳಿ ಒಳಗೆ ಬಂದರೆ ಸಾಲದು, ಹೊಗೆ ಹೊರಗೂ ಹೋಗಬೇಕು. ದಿಬ್ಬ ಹತ್ತುವಾಗ ಹಿಂದಕ್ಕೆ ಜಾರಿದರೆ ಸೈಲೆನ್ಸರ್ ಬಾಯಿಗೆ ಮಣ್ಣು ತುಂಬುತ್ತದೆ. ಇಂಜಿನ್ ತಣ್ಣಗಾದ ಮೇಲೆ ಕೋಲು ಹಾಕಿ ತೆಗೆಯಿರಿ. ಮಾತು ಬಂತು ಅಂತ ಹೇಳುತ್ತೇನೆ, ಜೋಗಿಮಟ್ಟಿ ಕಾಡಿನೊಳಗೆ ಗಾಡಿ ನುಗ್ಗಿಸಬೇಡಿ. ಅದು ವನ್ಯಜೀವಿಧಾಮ, ಬೇಸಿಗೆಯಲ್ಲಿ ಒಣ ಹುಲ್ಲಿಗೆ ಬಿಸಿ ಸೈಲೆನ್ಸರ್ ತಾಗಿದರೆ ಗುಡ್ಡಕ್ಕೆ ಗುಡ್ಡವೇ ಉರಿಯುತ್ತದೆ. ಗಾಡಿ ಓಡಿಸಲು ನಮಗೆ ಹೊಲದ ದಾರಿ, ಗೋಮಾಳದ ಅಂಚು ಬೇಕಾದಷ್ಟಿದೆ.

ಹಳ್ಳ ದಾಟುವಾಗ ನೀರಲ್ಲಿ ಮುಳುಗಿ ನಿಂತ ಗಾಡಿಗೆ ಕಿಕ್ಕೂ ಬೇಡ, ಸೆಲ್ಫೂ ಬೇಡ, ತಳ್ಳಿ ಸ್ಟಾರ್ಟ್ ಮಾಡುವುದಂತೂ ಬೇಡವೇ ಬೇಡ. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲು ಆಗುವುದಿಲ್ಲ. ಸಿಲಿಂಡರಿನಲ್ಲಿ ನೀರಿದ್ದು ಪಿಸ್ಟನ್ ಮೇಲೆ ಬಂದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಪ್ಲಗ್ ಬಿಚ್ಚಿ, ಕೀ ಆಫ್ ಇಟ್ಟು, ನೀರು ಬರುವುದು ನಿಲ್ಲುವವರೆಗೆ ಕೈಯಲ್ಲೇ ಮೆಲ್ಲಗೆ ಕಿಕ್ ಒತ್ತಿ. ಆಮೇಲೆ ಇಂಜಿನ್ ಆಯಿಲ್ ನೋಡಿ. ಹಾಲು ಹಾಕಿದ ಕಾಫಿ ಥರ ಇದ್ದರೆ ಒಳಗೆ ನೀರು ಸೇರಿದೆ. ಆಯಿಲ್ ಬದಲಿಸದೆ ಓಡಿಸಬೇಡಿ, ಒಂದು ಸಲ ಬದಲಿಸಿ ಸ್ವಲ್ಪ ಓಡಿಸಿ ಮತ್ತೊಮ್ಮೆ ಬದಲಿಸಿ.

ಕೊನೆಗೆ ಕಂಪ್ರೆಷನ್

ಕಿಡಿ ಚೆನ್ನಾಗಿದೆ, ಪೆಟ್ರೋಲ್ ಬರುತ್ತಿದೆ, ಗಾಳಿ ದಾರಿ ಸರಿ ಇದೆ. ಆದರೂ ಇಲ್ಲ. ಆಗ ಮಾತ್ರ ಇಲ್ಲಿಗೆ ಬನ್ನಿ. ಕಿಕ್ಕನ್ನು ಕೈಯಿಂದ ಒತ್ತಿದರೆ ಒಂದು ಕಡೆ ಗಟ್ಟಿಯಾಗಿ ತಡೆಯಬೇಕು. ಬೆಣ್ಣೆಗೆ ಚಾಕು ಇಳಿದಂತೆ ಇಳಿದರೆ ಒತ್ತಡ ಇಲ್ಲ. ಪ್ಲಗ್ ತೆಗೆದು, ಕೀ ಆಫ್ ಮಾಡಿ, ತೂತಿಗೆ ಹೆಬ್ಬೆರಳು ಒತ್ತಿ ಕಿಕ್ ಹೊಡೆಸಿ. ಬೆರಳನ್ನು ಪುಸ್ ಅಂತ ತಳ್ಳಬೇಕು. ತಳ್ಳದಿದ್ದರೆ ಒಂದು ಸಣ್ಣ ಚಮಚ ಇಂಜಿನ್ ಆಯಿಲ್ ತೂತಿಗೆ ಬಿಟ್ಟು ಮತ್ತೆ ನೋಡಿ. ಈಗ ಒತ್ತಡ ಜಾಸ್ತಿ ಆದರೆ ರಿಂಗು, ಬೋರು ಸವೆದಿದೆ. ಹಾಗೇ ಇದ್ದರೆ ವಾಲ್ವು ಅಥವಾ ಹೆಡ್ ಗ್ಯಾಸ್ಕೆಟ್.

ವಾಲ್ವ್ ಅಂದ ತಕ್ಷಣ ಖರ್ಚು ಅಂತ ಗಾಬರಿ ಬೇಡ. ಟ್ಯಾಪೆಟ್ ಬಿಗಿಯಾಗಿ ವಾಲ್ವ್ ಪೂರ್ತಿ ಮುಚ್ಚದಿದ್ದರೂ ಹೀಗೇ ಆಗುತ್ತದೆ. ತಣ್ಣಗಿರುವಾಗ ಸ್ಟಾರ್ಟ್ ಆಗಿ, ಬಿಸಿಯಾದ ಮೇಲೆ ನಿಲ್ಲಿಸಿದರೆ ಹಿಡಿಯದ ಗಾಡಿಗಳಲ್ಲಿ ನನ್ನ ಅನುಮಾನ ಮೊದಲು ಇಲ್ಲಿಗೇ ಹೋಗುತ್ತದೆ. ಅಲ್ಲಿ ಬೇಕಾದ ಸಂದು ಒಂದು ಕಾಗದದ ಹಾಳೆಯಷ್ಟು ಅಥವಾ ಅದಕ್ಕಿಂತ ಕಮ್ಮಿ. ಇಂಜಿನ್ ಪೂರ್ತಿ ತಣ್ಣಗಿರುವಾಗ, ಮ್ಯಾಗ್ನೆಟ್ ಮೇಲಿನ ಟಿ ಗುರುತನ್ನು (ಪಿಸ್ಟನ್ ಮೇಲ್ತುದಿಗೆ ಬಂದದ್ದನ್ನು ತೋರಿಸುವುದು) ಕೂಡಿಸಿ, ಎರಡೂ ವಾಲ್ವ್ ಮುಚ್ಚಿರುವ ಸುತ್ತಿನಲ್ಲಿ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಾಕಿ ಅಳೆಯಬೇಕು. ಕೈಯಂದಾಜಿನಲ್ಲಿ ಮಾಡಬೇಡಿ. ಮೊದಲ ಸಲ ಒಬ್ಬ ಒಳ್ಳೆ ಮಿಸ್ತ್ರಿ ಪಕ್ಕ ಕೂತು ನೋಡಿ ಕಲಿಯಿರಿ. ಕಲಿಸುವ ಮನಸ್ಸಿರುವವರು ದಾವಣಗೆರೆಯಲ್ಲೂ ದುರ್ಗದಲ್ಲೂ ಇದ್ದಾರೆ, ನಾನು ಕಲಿತದ್ದೂ ಹಾಗೇ.

ಆರ್‌ಎಕ್ಸ್ 100 ಥರದ ಟು-ಸ್ಟ್ರೋಕ್ ಗಾಡಿಯ ಇಂಜಿನ್ ಹೆಡ್ಡಿನಲ್ಲಿ ವಾಲ್ವೂ ಇಲ್ಲ, ಟ್ಯಾಪೆಟ್ಟೂ ಇಲ್ಲ. ಅಲ್ಲಿ ಪ್ಲಗ್ ಎಣ್ಣೆ ಹಿಡಿಯುವುದೇ ಜಾಸ್ತಿ. ಪ್ಲಗ್ ತೊಳೆದು, ಬ್ರಷ್ ಹಾಕಿ, ಒಣಗಿಸಿ ಹಾಕಿದರೆ ಹಿಡಿಯುತ್ತದೆ. ಆಮೇಲೂ ಆಗದಿದ್ದರೆ ಕಾರ್ಬೊರೇಟರಿನಿಂದ ಒಳಗೆ ಬರುವ ದಾರಿಯಲ್ಲಿರುವ ರೀಡ್ ವಾಲ್ವಿನ ತೆಳು ಎಲೆ ಸೀಳಿದೆಯಾ, ಕ್ರ್ಯಾಂಕಿನ ಆಯಿಲ್ ಸೀಲ್ ಹೋಗಿದೆಯಾ ನೋಡಬೇಕು. ಸೀಲ್ ಕೆಲಸ ಮಾತ್ರ ಮಿಸ್ತ್ರಿಗೇ ಬಿಡಿ.

ಗ್ಯಾರೇಜಿಗೆ ಒಯ್ಯುವಾಗ "ಸ್ಟಾರ್ಟ್ ಆಗ್ತಿಲ್ಲ" ಅಂತ ಮಾತ್ರ ಹೇಳಬೇಡಿ. "ನೀಲಿ ಕಿಡಿ ಬರ್ತಿದೆ, ಪ್ಲಗ್ ಒದ್ದೆ ಆಗ್ತಿದೆ, ಆಯಿಲ್ ಬಿಟ್ಟರೆ ಕಂಪ್ರೆಷನ್ ಏರ್ತಿದೆ" ಅಂತ ಹೇಳಿ. ಮಾತು ಅಲ್ಲಿಂದಲೇ ಶುರುವಾಗುತ್ತದೆ, ಬೇಡದ್ದನ್ನು ಬಿಚ್ಚುವುದು ತಪ್ಪುತ್ತದೆ.

ಈ ಸಲ ಕಟಾವಿಗೆ ನಿಲ್ಲಿಸುವಾಗ ತಮ್ಮನಿಗೆ ಹೇಳಿದ್ದೇನೆ. ಕಾಕ್ ಬಂದ್ ಮಾಡಿ, ಇಂಜಿನ್ ತಾನೇ ನಿಲ್ಲುವವರೆಗೆ ಓಡಿಸು. ಬಟ್ಟಲಲ್ಲಿ ಉಳಿದದ್ದನ್ನು ಡ್ರೈನ್ ಮಾಡು. ಟ್ಯಾಂಕ್ ತುಂಬಿಸಿಡು, ತೇವ ಕೂರಲು ಒಳಗೆ ಜಾಗ ಇರಬಾರದು. ಬ್ಯಾಟರಿಯ ಮೈನಸ್ ವೈರ್ ಕಳಚು. ಜೋಳದ ಚೀಲದಿಂದ ದೂರ ನಿಲ್ಲಿಸು. ಸೈಲೆನ್ಸರ್ ಬಾಯಿಗೆ ಒಂದು ಕೆಂಪು ಬಟ್ಟೆ ತುರುಕು, ಅದರ ಇನ್ನೊಂದು ತುದಿ ಕೀ ಗೊಂಚಲಿಗೆ ಕಟ್ಟುವಷ್ಟು ಉದ್ದ ಇರಲಿ.